ಹುಳು ಮನೆಯ ಗೋಡೆಯ ಮೇಲೆ ತಲೆಕೆಳಗಾದ ಬೀದಿ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಅಜ್ಜಿಯ ಊರಿನಲ್ಲಿ ಹುಳು ಜ್ವರಕ್ಕೆ ಕೂತವು ಎಂದರೆ ಮಕ್ಕಳು ಹುಳು ಮನೆಯ ಕಡೆ ಸುಳಿಯುವಂತಿರಲಿಲ್ಲ. ಜ್ವರವೆಂದರೆ ಕಾಯಿಲೆಯಲ್ಲ, ರೇಷ್ಮೆ ಹುಳು ಪೊರೆ ಕಳಚುವ ಹೊತ್ತು. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಮಿಕ್ಕ ದಿನಗಳಲ್ಲಿ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಸೊಪ್ಪು ಕಡಿಯುವ ಸದ್ದು ತುಂಬಿರುವ ಮನೆ ಅವತ್ತು ಮಾತ್ರ ಗಪ್‌ಚಿಪ್. ನನಗೆ ಎಂಟೊಂಬತ್ತು ವರ್ಷ. ಒಂದು ಮಧ್ಯಾಹ್ನ ಅಜ್ಜಿ ಜಗಲಿಯ ಮೇಲೆ ಕಣ್ಣು ಮುಚ್ಚಿದ್ದನ್ನು ನೋಡಿಕೊಂಡು ಒಳಗೆ ನುಸುಳಿದೆ.

ಊಜಿ ನೊಣ ಬರದ ಹಾಗೆ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿದ್ದರು. ಬಾಗಿಲು ಎಳೆದುಕೊಂಡರೆ ಕತ್ತಲೋ ಕತ್ತಲು. ಹಿಂದಿನ ಬೆಳೆ ಮುಗಿದ ಮೇಲೆ ಗೋಡೆಗೆ ಸುಣ್ಣ ಬಳಿದಿದ್ದರು. ಕಣ್ಣು ಕತ್ತಲೆಗೆ ಒಗ್ಗುತ್ತಿದ್ದ ಹಾಗೆ ಆ ಬಿಳಿ ಗೋಡೆಯ ಮೇಲೆ ಒಂದು ಹಸು ನಡೆದುಕೊಂಡು ಹೋಯಿತು. ಕಾಲು ಮೇಲೆ, ಬೆನ್ನು ಕೆಳಗೆ. ಅದರ ಹಿಂದೆಯೇ ಕೆಂಪು ಸೀರೆಯ ಹೆಂಗಸು, ಅವಳೂ ತಲೆಕೆಳಗು. ನಾನು ಕಿರುಚಿಕೊಂಡು ಹೊರಗೆ ಬಂದೆ. ಹುಳುವಿನ ಜ್ವರ ಕೆಡಿಸಿದ್ದಕ್ಕೆ ಬೆನ್ನಿಗೆ ಎರಡು ಬಿತ್ತು. ಆಮೇಲೆ ಅಜ್ಜಿಯೇ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಬಾಗಿಲ ಹಲಗೆಯಲ್ಲಿ ಹಳೇ ಮೊಳೆ ಕಿತ್ತ ಒಂದು ತೂತು. ಅದರಾಚೆ ಉರಿಬಿಸಿಲಿನ ಬೀದಿ. "ಬಿಸ್ಲು ಕಣಪ್ಪ, ಬೀದೀನೇ ಎತ್ಕೊಂಡು ಬಂದು ಗೋಡೆ ಮ್ಯಾಲೆ ಹಾಕ್ತದೆ. ಸಂಜೆ ಆದ್ರೆ ಇರಲ್ಲ" ಎಂದಳು. ಛಾಯಾಗ್ರಹಣದ ಮೇಲೆ ಆಮೇಲೆ ಎಷ್ಟೋ ಓದಿದ್ದೇನೆ. ಇಷ್ಟು ಚೊಕ್ಕವಾಗಿ ಹೇಳಿದವರು ಕಡಿಮೆ.

ಬೆಳಕು ನೇರ ಹೋಗುತ್ತದೆ, ಅಷ್ಟೇ ಅದರ ಗುಟ್ಟು. ಹಸುವಿನ ಕೊಂಬಿನಿಂದ ಹೊರಟ ಬೆಳಕು ತೂತಿನಲ್ಲಿ ತೂರಿ ಗೋಡೆಯ ಕೆಳಗಡೆಗೆ ಬೀಳುತ್ತದೆ, ಗೊರಸಿನಿಂದ ಹೊರಟದ್ದು ಮೇಲುಗಡೆಗೆ. ಇದನ್ನು ನೋಡಲು ರೇಷ್ಮೆ ಸಾಕಬೇಕಾಗಿಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕೋಣೆಯೊಂದರಲ್ಲಿ ಒಂಬತ್ತು ಅಂತಸ್ತಿನ ರಾಜಗೋಪುರ ಗೋಡೆಯ ಮೇಲೆ ಬುಡಮೇಲಾಗಿ ನಿಲ್ಲುವುದನ್ನು ಶಾಲೆಯ ಟೂರಿನಲ್ಲಿ ಹೋದವರೆಲ್ಲ ಕಂಡಿರುತ್ತೀರಿ. ಗೈಡುಗಳು ಅದನ್ನು ಗೋಪುರದ ನೆರಳು ಎನ್ನುತ್ತಾರೆ. ನೆರಳಾಗಿದ್ದರೆ ಬರೀ ಕಪ್ಪಾಗಿರಬೇಕಿತ್ತು. ಅದು ಬಿಂಬ. ಕಿಂಡಿಯೇ ಅಲ್ಲಿ ಕ್ಯಾಮೆರಾದ ಕಣ್ಣು, ಇಡೀ ಕೋಣೆಯೇ ಕ್ಯಾಮೆರಾ. ಕ್ಯಾಮೆರಾ ಎಂಬ ಮಾತಿನ ಮೂಲ ಅರ್ಥವೂ ಕೋಣೆಯೇ. ಆದರೂ ಗೈಡುಗಳನ್ನು ದೂರಲಾರೆ, ನಾವೂ ಛಾಯಾಚಿತ್ರ ಎಂದೇ ಅಲ್ಲವೇ ಹೆಸರಿಟ್ಟುಕೊಂಡಿರುವುದು?

ಹಾಗಾಗಿ ಫೋಟೋಗ್ರಫಿಯ ಚರಿತ್ರೆಯನ್ನು ಕ್ಯಾಮೆರಾದಿಂದ ಶುರುಮಾಡುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಕ್ಯಾಮೆರಾ ಮೊದಲೇ ಇತ್ತು. ಹತ್ತು ಶತಮಾನದ ಹಿಂದೆಯೇ ಅರಬ್ಬೀ ವಿದ್ವಾಂಸ ಇಬ್ನ್ ಅಲ್ ಹೈತಮ್ ಕಿಂಡಿಯ ಬಿಂಬವನ್ನು ಕುರಿತು ಬರೆದಿದ್ದ. ಯುರೋಪಿನ ಚಿತ್ರಕಾರರು ಕತ್ತಲ ಪೆಟ್ಟಿಗೆಗೆ ಗಾಜು ಕೂರಿಸಿ, ಬಿದ್ದ ಬಿಂಬದ ಮೇಲೆ ಪೆನ್ಸಿಲ್ ಆಡಿಸಿ ಚಿತ್ರ ಬರೆದುಕೊಳ್ಳುತ್ತಿದ್ದರು. ತೊಡಕಿದ್ದದ್ದು ಅಜ್ಜಿಯ ಮಾತಿನ ಕೊನೆಯಲ್ಲಿ. ಸಂಜೆಯಾದರೆ ಇರುವುದಿಲ್ಲ. ಬಿಸಿಲು ತಂದು ಹಾಕಿದ್ದನ್ನು ಅಲ್ಲೇ ನಿಲ್ಲಿಸಿಕೊಳ್ಳುವುದು ಹೇಗೆ?

ಇದಕ್ಕೆ ಉತ್ತರದ ಅರ್ಧ ಭಾಗ ನಿಮ್ಮ ಎಡಗೈ ತೋರುಬೆರಳಿನಲ್ಲೇ ಇದೆ. ಮತಗಟ್ಟೆಯಲ್ಲಿ ಹಚ್ಚುವ ಶಾಯಿ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಮಹಾಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದರದೇ ಶಾಯಿ. ಅದರೊಳಗಿರುವುದು ಬೆಳ್ಳಿಯ ಉಪ್ಪು, ಸಿಲ್ವರ್ ನೈಟ್ರೇಟ್. ಹಚ್ಚಿದ ಕೂಡಲೇ ಕಾಣುವುದು ಬರೀ ನೇರಳೆ ಬಣ್ಣ. ಚರ್ಮದ ಬೆವರಿನಲ್ಲಿರುವ ಉಪ್ಪಿನೊಂದಿಗೆ ಬೆರೆತ ಸಿಲ್ವರ್ ನೈಟ್ರೇಟ್ ಸಿಲ್ವರ್ ಕ್ಲೋರೈಡ್ ಆಗಿ, ನೀವು ಮತಗಟ್ಟೆಯಿಂದ ಬಿಸಿಲಿಗೆ ಬರುತ್ತಿದ್ದ ಹಾಗೆ ಕಪ್ಪಾಗತೊಡಗುತ್ತದೆ. ಸೋಪು, ಸೀಗೆಕಾಯಿ, ಏನು ಹಾಕಿ ಉಜ್ಜಿದರೂ ಹೋಗದು, ಉಗುರು ಬೆಳೆದೇ ಹೋಗಬೇಕು. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ 1830ರ ದಶಕದಲ್ಲಿ ಕಾಗದಕ್ಕೆ ಮಾಡಿದ್ದೂ ಇಷ್ಟೇ. ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ, ಮೇಲೆ ಸಿಲ್ವರ್ ನೈಟ್ರೇಟ್ ಬಳಿದ, ಬಿಸಿಲಿಗಿಟ್ಟ. ಮತ ಹಾಕಿ ಬಂದವರೆಲ್ಲರ ಬೆರಳೂ ಟಾಲ್ಬಟ್ಟನ ಕಾಗದವೇ.

ಮಿಕ್ಕ ಅರ್ಧವೇ ಕಷ್ಟದ್ದು. ಬೆಳಕಿಗೆ ಕಪ್ಪಾಗುವ ವಸ್ತು ಬೆಳಕಿಗೆ ಕಪ್ಪಾಗುತ್ತಲೇ ಹೋಗುತ್ತದೆ. ಟಾಲ್ಬಟ್‌ಗಿಂತ ಮುಂಚೆ, 1802ರ ಹೊತ್ತಿಗೇ ಥಾಮಸ್ ವೆಜ್‌ವುಡ್ ಎಂಬಾತ ಎಲೆಗಳ ಅಚ್ಚು ತೆಗೆದಿದ್ದ. ಪಾಪ, ಅದನ್ನು ನಾಲ್ಕು ಜನರಿಗೆ ತೋರಿಸುವ ಭಾಗ್ಯ ಅವನಿಗಿರಲಿಲ್ಲ. ಹಗಲಲ್ಲಿ ತೆಗೆದರೆ ಕಾಗದ ಪೂರ್ತಿ ಕಪ್ಪಾಗಿ ಎಲೆಯೇ ಮಾಯ. ಕತ್ತಲಲ್ಲಿಟ್ಟುಕೊಂಡು ಮೇಣದಬತ್ತಿಯ ಮಿಣುಕಿನಲ್ಲಿ ಕದ್ದು ನೋಡಬೇಕು. ನೋಡಿದಷ್ಟೂ ಸಾಯುವ ಚಿತ್ರ!

ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಬೆಳ್ಳಿಯ ಗೊಡವೆ ಬಿಟ್ಟು ಬೇರೆ ದಾರಿ ಹಿಡಿದ. ನಮ್ಮ ರಸ್ತೆಗೆ ಹಾಕುವ ಡಾಂಬರಿನ ದಾಯಾದಿ ಒಂದಿದೆ, ನೆಲದಲ್ಲಿ ಸಿಗುವ ಕಪ್ಪು ರಾಳ. ಅದು ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಬೀಳದ ಕಡೆ ಎಣ್ಣೆಗೆ ಕರಗಿ ಹೋಗುತ್ತದೆ. ಲೋಹದ ತಗಡಿಗೆ ಅದನ್ನು ಬಳಿದು ತನ್ನ ಮಹಡಿಯ ಕಿಟಕಿಯಿಂದ ಕಾಣುವ ಮಾಡುಗಳ ಚಿತ್ರ ತೆಗೆದ, 1826ರಲ್ಲೋ 1827ರಲ್ಲೋ. ಕ್ಯಾಮೆರಾದಿಂದ ತೆಗೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಚಿತ್ರ ಅದೇ. ಬೆಳಕು ಬಿಡಬೇಕಾದದ್ದು ಕಡಿಮೆಯೆಂದರೂ ಎಂಟು ಗಂಟೆ. ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಅಂಗಳದ ಎರಡೂ ಕಡೆಯ ಗೋಡೆಗಳಿಗೆ ಬಿಸಿಲು ಬಿದ್ದಿದೆ. ನಿಯೆಪ್ಸ್ ಇದಕ್ಕೆ ಇಟ್ಟ ಹೆಸರು ಹೀಲಿಯೋಗ್ರಫಿ, ಅಂದರೆ ಸೂರ್ಯನ ಬರಹ. ಆ ಹೆಸರು ಎಲ್ಲೋ ಕಳೆದುಹೋಯಿತು ಎಂದುಕೊಳ್ಳಬೇಡಿ, ನಮ್ಮ ಗೌರಿಬಿದನೂರಿನಲ್ಲಿದೆ. ಭಾರತೀಯ ಖಭೌತ ಸಂಸ್ಥೆಯವರ ರೇಡಿಯೋ ಹೀಲಿಯೋಗ್ರಾಫ್ 1997ರಿಂದ ಅಲ್ಲಿ ಸೂರ್ಯನ ಚಿತ್ರ ತೆಗೆಯುತ್ತಿದೆ, ಅದೂ ಕಣ್ಣಿಗೆ ಕಾಣುವ ಬೆಳಕಿಲ್ಲದೆ, ಬರೀ ರೇಡಿಯೋ ಅಲೆಗಳಿಂದ. ನಿಯೆಪ್ಸ್ ಕಾಲದಲ್ಲಿ ಚಿತ್ರ ಬರೆಯುತ್ತಿದ್ದ ಸೂರ್ಯ ಇಲ್ಲಿ ತಾನೇ ಪಟಕ್ಕೆ ಕೂತಿದ್ದಾನೆ.

ಡಾಗೇರ್‌ನ ಕತೆ ಎಲ್ಲ ಪುಸ್ತಕದಲ್ಲೂ ಇರುವುದರಿಂದ ಬೇಗ ಮುಗಿಸುತ್ತೇನೆ. ನಿಯೆಪ್ಸ್‌ನ ಪಾಲುದಾರನಾಗಿದ್ದ ಆತ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಪಾದರಸದ ಹಬೆ ಹಾಯಿಸಿ ಕನ್ನಡಿಯಂತೆ ಹೊಳೆಯುವ ಚಿತ್ರ ಮಾಡಿದ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಆ ವಿಧಾನ ಬಹಿರಂಗವಾಯಿತು. ಆದರೆ ಒಂದು ತಗಡಿಗೆ ಒಂದೇ ಚಿತ್ರ, ನಕಲಿಲ್ಲ. ಟಾಲ್ಬಟ್‌ನ ಕಾಗದದಲ್ಲಿ ಬೆಳಕಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬಿಳುಪು, ಎಲ್ಲ ತಿರುಗಾಮುರುಗಾ. ಮೊದಲು ದೋಷವೆನಿಸಿದ ಇದೇ ವರವಾಯಿತು. ಆ ಕಾಗದವನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಸರಿಯಾದ ಚಿತ್ರ, ಬೇಕೆಂದಷ್ಟು ಪ್ರತಿ. ಅದೇ ನೆಗೆಟಿವ್. ಇನ್ನು ಕಪ್ಪಾಗುತ್ತಲೇ ಹೋಗುವ ಶಾಪ ಕಳೆದವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಬೆಳಕು ಮುಟ್ಟದ ಬೆಳ್ಳಿಯ ಉಪ್ಪನ್ನು ಕರಗಿಸಿ ತೆಗೆಯುವ ರಾಸಾಯನಿಕವನ್ನು ಆತ 1819ರಲ್ಲೇ ಕಂಡುಕೊಂಡು ಬರೆದಿಟ್ಟಿದ್ದ. ಯಾರಿಗೂ ಅದರಿಂದ ಉಪಯೋಗವಿರಲಿಲ್ಲ. ಇಪ್ಪತ್ತು ವರ್ಷ ಕಾದ ಮೇಲೆ 1839ರಲ್ಲಿ ಅದಕ್ಕೆ ಕೆಲಸ ಸಿಕ್ಕಿತು. ನಮ್ಮ ಸ್ಟುಡಿಯೋಗಳ ಡಾರ್ಕ್ ರೂಮಿನಲ್ಲಿ ಹೈಪೋ, ಹೈಪೋ ಎನ್ನುತ್ತಿದ್ದರಲ್ಲ, ಅದೇ ಇದು. ಈ ಹೈಪೋ ಎಂಬ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಮಾರನೆಯ ವರ್ಷವೇ, 1840ರಲ್ಲಿ, ಕಲ್ಕತ್ತೆಯ ಅಂಗಡಿಯವರು ಕ್ಯಾಮೆರಾ ಬಂದಿದೆ ಎಂದು ಜಾಹೀರಾತು ಕೊಟ್ಟರು. ಕನ್ನಡ ನಾಡಿಗೆ ಅದು ಬಂದದ್ದು ಮುಖ್ಯವಾಗಿ ಕಂಪನಿ ಸೈನ್ಯದ ಅಧಿಕಾರಿಗಳು ಮತ್ತು ವೈದ್ಯರ ಹೆಗಲೇರಿ. ಹಳೆಯ ಕಟ್ಟಡಗಳನ್ನು ಕೈಯಲ್ಲಿ ಬಿಡಿಸುವುದಕ್ಕಿಂತ ಫೋಟೋ ತೆಗೆಸುವುದು ಅಗ್ಗ, ಕರಾರುವಾಕ್ಕು ಕೂಡ ಎಂಬುದು ಕಂಪನಿಯ ಲೆಕ್ಕ. 1855ರಲ್ಲಿ ಬೊಂಬಾಯಿ ಸರ್ಕಾರ ಫಿರಂಗಿ ದಳದ ಥಾಮಸ್ ಬಿಗ್ಸ್‌ನನ್ನು ಬಿಜಾಪುರ, ಐಹೊಳೆ, ಬಾದಾಮಿಗಳ ಕಡೆ ಕಳಿಸಿತು. ಅವನ ಕೆಲಸವನ್ನು ಮುಂದುವರಿಸಿದವನು ಡಾಕ್ಟರ್ ವಿಲಿಯಂ ಪಿಗೌ. ಇವರ ಜೊತೆಗೆ ಇನ್ನೊಬ್ಬ ವೈದ್ಯ ಆಂಡ್ರ್ಯೂ ನೀಲ್ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಅದಕ್ಕೆ ಇತಿಹಾಸ ಬರೆದುಕೊಟ್ಟವನು ಸುರಪುರದವರು ಇಂದಿಗೂ ನೆನೆಯುವ ಮೆಡೋಸ್ ಟೇಲರ್. ಫೋಟೋವನ್ನು ಮುದ್ರಣ ಯಂತ್ರದಲ್ಲಿ ಅಚ್ಚು ಹಾಕುವ ವಿದ್ಯೆ ಆಗಿನ್ನೂ ಪಳಗಿರಲಿಲ್ಲ. ಪುಸ್ತಕದ ಪ್ರತಿ ಪ್ರತಿಗೂ ನಿಜವಾದ ಫೋಟೋಗಳನ್ನೇ ಕೈಯಲ್ಲಿ ಅಂಟಿಸಬೇಕು.

ನಮ್ಮ ಸೀಮೆಗೆ ಹತ್ತಿರದವನೆಂದರೆ ಲಿನೇಯಸ್ ಟ್ರೈಪ್. ಮದ್ರಾಸ್ ಸೈನ್ಯದ ಕ್ಯಾಪ್ಟನ್, ಬೀಡು ಬೆಂಗಳೂರಿನ ದಂಡಿನಲ್ಲಿ. ರಜೆಯಲ್ಲಿ ಇಂಗ್ಲೆಂಡಿಗೆ ಹೋದವನು ಈ ಹುಚ್ಚು ಹಚ್ಚಿಕೊಂಡು 1854ರಲ್ಲಿ ಮರಳಿ ಬಂದ. ಆ ಡಿಸೆಂಬರಿನಲ್ಲೇ ಡಾಕ್ಟರ್ ನೀಲ್ ಜೊತೆ ಹಳೇಬೀಡು, ಬೇಲೂರಿಗೆ ಹೋದ. ಮರುವರ್ಷದ ಮದ್ರಾಸ್ ಪ್ರದರ್ಶನದಲ್ಲಿ ಆತನಿಟ್ಟ 68 ಚಿತ್ರಗಳಿಗೆ ತೀರ್ಪುಗಾರರ ಮೆಚ್ಚುಗೆ ಬಂತು. ಅದೇ 1855ರಲ್ಲಿ ಬರ್ಮಾಕ್ಕೆ ಹೊರಟ ರಾಯಭಾರದ ಜೊತೆ ಅವನನ್ನು ಕಳಿಸಿದರು. ಅಲ್ಲಿಂದ ಕಾಗದದ ನೆಗೆಟಿವ್‌ಗಳ ಗಂಟು ಹೊತ್ತು ಬೆಂಗಳೂರಿಗೆ ಬಂದು ಪ್ರಿಂಟ್ ಹಾಕಲು ಕೂತ. 120 ಚಿತ್ರಗಳ 50 ಸೆಟ್ಟು, ಗುಣಿಸಿದರೆ 6,000. ಲೈಟಿಲ್ಲ, ಎನ್‌ಲಾರ್ಜರ್ ಇಲ್ಲ. ಒಂದೊಂದನ್ನೂ ಚೌಕಟ್ಟಿನಲ್ಲಿಟ್ಟು ಬಿಸಿಲಿಗೆ ಒಡ್ಡಿ, ಎಷ್ಟು ಕಂದಾಯಿತೆಂದು ನೋಡಿಕೊಂಡು, ತೆಗೆದು, ಹೈಪೋಕ್ಕೆ ಹಾಕಿ, ತೊಳೆಯಬೇಕು. ಹಪ್ಪಳ ಸಂಡಿಗೆ ಹಾಕಿದವರಿಗೆ ಗೊತ್ತು, ಮೋಡ ಕವಿದ ದಿನ ಕೆಲಸ ನಿಂತ ಹಾಗೇ. ಜಡಿಮಳೆಯ ವಾರಗಳಲ್ಲಿ ದಂಡಿನ ಆ ಕ್ಯಾಪ್ಟನ್ ಆಕಾಶ ನೋಡುತ್ತ ಕೂತಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಮದ್ರಾಸ್ ಸರ್ಕಾರದ ಅಧಿಕೃತ ಫೋಟೋಗ್ರಾಫರ್ ಆಗಿ ಆತ ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನವನ್ನು 21 ಚಿತ್ರಗಳಲ್ಲಿ ಹಿಡಿದು, ಅಂಚಿಗೆ ಅಂಚು ಜೋಡಿಸಿ, ಸುಮಾರು 19 ಅಡಿ ಉದ್ದದ ಸುರುಳಿ ಮಾಡಿದ. ಮದ್ರಾಸಿನ ಕಲಾಶಾಲೆಯಿಂದ ಬಂದ ಅಯ್ಯಸ್ವಾಮಿ ಎಂಬುವರು ಅವನಿಗೆ ಸಹಾಯಕರಾಗಿದ್ದರು. ಹೊಸ ಗವರ್ನರ್ ಟ್ರೆವೆಲಿಯನ್ ಬಂದವನೇ ಈಗಿನ ಹಣಕಾಸಿನ ಸ್ಥಿತಿಯಲ್ಲಿ ಇದೆಲ್ಲ ಶೋಕಿ ಎಂದು ಬಾಗಿಲು ಹಾಕಿಸಿದ. ಸರ್ಕಾರಿ ಕಡತಗಳ ಭಾಷೆ ಆಗಲೂ ಹಾಗೇ ಇತ್ತು.

ಟ್ರೈಪ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕಿನ ಮೇಲೆ ಅತಿ ಪ್ರೀತಿ, ಹಸಿರಿನ ಮೇಲೆ ಅಸಡ್ಡೆ. ಹಾಗಾಗಿ ಮರಗಳೆಲ್ಲ ಕಪ್ಪು ಮುದ್ದೆ, ಆಕಾಶವೆಲ್ಲ ಬಿಳೀ ಗೋಡೆ, ಮೋಡದ ಸುಳಿವೇ ಇಲ್ಲ. ಟ್ರೈಪ್ ಏನು ಮಾಡಿದ? ನೆಗೆಟಿವ್ ಮೇಲೆ ಬಣ್ಣ ಬಳಿದು ಮೋಡ ಬರೆದ, ಎಲೆಗಳನ್ನು ತಿದ್ದಿದ. ಈಗ ಮೊಬೈಲಿನಲ್ಲಿ ನಂದಿಬೆಟ್ಟದ ಸೂರ್ಯೋದಯಕ್ಕೆ ಬಣ್ಣ ಏರಿಸುವ ಹುಡುಗರನ್ನು ನೋಡಿ ಮೂಗು ಮುರಿಯುವ ಹಿರಿಯರಿಗೆ ಈ ಸಂಗತಿ ತಿಳಿದಿರಲಿ. ಕಲ್ಲಿನಲ್ಲಿ ಕೆತ್ತಿದ್ದನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಲು ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯನೇ ಆಕಾಶಕ್ಕೆ ಟಚಿಂಗ್ ಮಾಡಿದ್ದಾನೆ.

ಇವರೆಲ್ಲ ಕಾಗದವನ್ನೇ ಏಕೆ ನಂಬಿದರು ಎಂದರೆ, ಸೆಖೆ. 1851ರಲ್ಲೇ ಗಾಜಿನ ನೆಗೆಟಿವ್ ಬಂದಿತ್ತು. ಕೊಲೋಡಿಯನ್ ಎಂಬ ಅಂಟುದ್ರವ ಗಾಜಿಗೆ ಹುಯ್ದು, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕು. ಆ ದ್ರವದಲ್ಲಿರುವ ಈಥರ್ ಕುದಿಯುವುದೇ ಸುಮಾರು 35 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಗೌರಿಬಿದನೂರಿನಲ್ಲಿ ನೆರಳಲ್ಲೇ ಅಷ್ಟಿರುತ್ತದೆ. ಮೇಣ ಹಿಡಿಸಿದ ಕಾಗದವಾದರೆ ಮನೆಯಲ್ಲೇ ಸಿದ್ಧಮಾಡಿ ಒಯ್ಯಬಹುದು, ತೆಗೆದ ಚಿತ್ರವನ್ನು ಬಿಡಾರಕ್ಕೆ ಬಂದು ನಿಧಾನವಾಗಿ ತೊಳೆಯಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪಿಗೆ ಹೋದದ್ದು ಇಂಥ ಕಾಗದ ಹಿಡಿದುಕೊಂಡೇ. ಒಂದೊಂದೂ ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದು. ಅವನ ಚಿತ್ರಗಳಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನೋಡಿ. ಐವತ್ತು ರೂಪಾಯಿ ನೋಟಿನ ಮೇಲಿರುವ ಅದೇ ರಥ. ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಗೋಪುರವೊಂದಿದೆ! ಈಗ ಅದಿಲ್ಲ. ನೋಟಿನಲ್ಲೂ ಇಲ್ಲ, ಹಂಪಿಯಲ್ಲೂ ಇಲ್ಲ, ಗ್ರೀನ್‌ಲಾ ಕಾಗದದಲ್ಲಿ ಮಾತ್ರ ನಿಂತಿದೆ. ಆ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇಂಗ್ಲೆಂಡಿನಲ್ಲಿದ್ದವು. ಬೆಳಕಿಗೆ ಬಂದ ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು.

ಈ ಚಿತ್ರಗಳಲ್ಲಿ ಜನ ಕಾಣುವುದು ಅಪರೂಪ. ಊರು ಹಾಳು ಬಿದ್ದಿತ್ತು ಎಂದು ತಿಳಿಯಬೇಕಿಲ್ಲ. ಮೇಣದ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು, ಕಲ್ಲು ಅಲ್ಲಾಡುವುದಿಲ್ಲ, ಮನುಷ್ಯ ಅಲ್ಲಾಡುತ್ತಾನೆ. ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಗಿಜಿಗುಡುವ ರಸ್ತೆಯ ಚಿತ್ರ ತೆಗೆದಾಗ ಗಾಡಿ, ಕುದುರೆ, ಜನ ಎಲ್ಲ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿ ನಿಂತಿದ್ದ ಒಬ್ಬ ಮಾತ್ರ ಸ್ಪಷ್ಟವಾಗಿ ಉಳಿದ. ಚಿಂತಾಮಣಿಯ ಸಂತೆಯನ್ನು ಆ ಕಾಗದದಲ್ಲಿ ಹಿಡಿದಿದ್ದರೆ ಹುಣಿಸೆಹಣ್ಣಿನ ರಾಶಿ, ಕಳ್ಳೆಕಾಯಿ ಮೂಟೆ ಬಂದಿರುತ್ತಿದ್ದವು. ಮಾರುವವರಲ್ಲಿ ತೂಕಡಿಸುತ್ತಿದ್ದವರು ಬಂದಿರುತ್ತಿದ್ದರು.

ಅಲ್ಲಾಡುವ ಜನಕ್ಕೆ ಪಟದಲ್ಲಿ ಜಾಗ ಸಿಕ್ಕಿದ್ದು ತಲೆಮಾರುಗಳ ಮೇಲೆ. ರಾಸಾಯನಿಕ ಚುರುಕಾಯಿತು, 1871ರಲ್ಲಿ ಒಣ ಗಾಜಿನ ಪ್ಲೇಟು, 1888ರಲ್ಲಿ ಕೊಡಕ್ ಬಂತು, ಸ್ಟುಡಿಯೋಗಳು ಪೇಟೆಯಿಂದ ತಾಲ್ಲೂಕಿಗೆ ಇಳಿದವು. ನಮ್ಮ ಅಜ್ಜಿ ತಾತ ಪಟ ತೆಗೆಸಿಕೊಂಡದ್ದು ಚಿಂತಾಮಣಿಯ ಒಂದು ಸ್ಟುಡಿಯೋದಲ್ಲಿ, ಮದುವೆಯಾಗಿ ಮೂರು ಮಕ್ಕಳಾದ ಮೇಲೆ. ಪಟ ತೆಗೆಸಿದರೆ ಆಯಸ್ಸು ಕಡಿಮೆ ಎಂದು ಅಜ್ಜಿಯ ಅತ್ತೆ ಅಡ್ಡಗಾಲು ಹಾಕಿದ್ದರಂತೆ. ಸಂತೆಗೆಂದು ಹೇಳಿ ಹೋಗಿ ಕೂತರು. ಹಿಂದೆ ಸರೋವರ, ಹಂಸ ಬರೆದ ಪರದೆ. ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಹೂದಾನಿ. ತಾತನ ಕೈಗೆ ಸ್ಟುಡಿಯೋದವರದೇ ಗಡಿಯಾರ. "ಅಲ್ಲಾಡ್ಬೇಡಿ" ಎಂದಾಗ ಅಜ್ಜಿ ಉಸಿರು ಬಿಗಿಹಿಡಿದಳು, ಲೈಟು ಹೊಡೆದಾಗ ಕಣ್ಣು ಮುಚ್ಚಿಬಿಟ್ಟಳು. ಇನ್ನೊಂದು ತೆಗೆಯಲು ಇನ್ನೊಂದು ದುಡ್ಡು. ಸ್ಟುಡಿಯೋದವರು ಅದೇನು ಮಹಾ ಎಂದು ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಿಂದ, ಕಪ್ಪು ಶಾಯಿಯಲ್ಲಿ ಎರಡು ಕಣ್ಣು ಬರೆದು ಕೊಟ್ಟರು. ತೆರೆದ, ದೊಡ್ಡ, ದೇವರ ಪಟದಲ್ಲಿರುವಂಥ ಕಣ್ಣು. "ನನ್ ಕಣ್ಣು ಇಷ್ಟ್ ಚೆನ್ನಾಗಿಲ್ಲ ಬಿಡು" ಎಂದು ಅಜ್ಜಿ ಕೊನೆಯವರೆಗೂ ನಗುತ್ತಿದ್ದಳು.

ಆ ಪಟ ಈಗ ನನ್ನ ಬಳಿ ಇದೆ. ಇಲ್ಲಿ ಹೈಪೋ ಮತ್ತೆ ಬರುತ್ತದೆ. ಚಿತ್ರವನ್ನು ನಿಲ್ಲಿಸುವುದು ಹೈಪೋ ಸರಿ, ಆದರೆ ಕೆಲಸ ಮುಗಿದ ಮೇಲೆ ಅದು ಕಾಗದದಲ್ಲಿ ಉಳಿಯಬಾರದು. ಹೊತ್ತು ಹೊತ್ತು ನೀರು ಬದಲಾಯಿಸಿ ತೊಳೆದು ತೆಗೆಯಬೇಕು. ಉಳಿದರೆ ಅದರಲ್ಲಿರುವ ಗಂಧಕ ವರ್ಷಗಳ ಮೇಲೆ ಬೆಳ್ಳಿಯನ್ನು ಹಿಡಿಯುತ್ತದೆ. ಕಾಲುಂಗುರ ಕಪ್ಪಾಗುತ್ತದಲ್ಲ, ಅದೂ ಗಂಧಕದ್ದೇ ಕೆಲಸ. ಪಟದಲ್ಲಾದರೆ ಕಪ್ಪು ಬಣ್ಣ ಮೊದಲು ಕಂದಾಗಿ, ಹಳದಿಯಾಗಿ, ಆಮೇಲೆ ಕಾಗದಕ್ಕೇ ಇಳಿದುಹೋಗುತ್ತದೆ. ಆದರೆ ತೊಳೆಯಲು ನಮ್ಮ ಕಡೆ ನೀರೆಲ್ಲಿ? ನಂದಿಬೆಟ್ಟದ ಸಾಲಿನಲ್ಲಿ ಹುಟ್ಟದ ನದಿಯಿಲ್ಲ, ಪಾಲಾರ್, ಪೆನ್ನಾರ್, ಅರ್ಕಾವತಿ. ಹುಟ್ಟಿದ ಎಲ್ಲವೂ ಬೇರೆಯವರ ಊರಿಗೆ ಹೋಗುತ್ತವೆ. ಕೊಡಪಾನ ಹೊತ್ತು ನೀರು ತರುವ ಚಿಂತಾಮಣಿಯಲ್ಲಿ, ಬೇಸಿಗೆಯಲ್ಲಿ, ಒಂದು ಕ್ಯಾಬಿನೆಟ್ ಸೈಜು ಪಟಕ್ಕೆ ಎಷ್ಟು ಸಲ ನೀರು ಬದಲಾಯಿಸಿಯಾರು?

ಎಡಗಡೆಯ ಅಂಚಿನಿಂದ ಶುರುವಾಯಿತು. ಮೊದಲು ಹೂದಾನಿ ಹೋಯಿತು, ಆಮೇಲೆ ಹಂಸ. ತಾತನ ಪೇಟ ಈಗ ಚಹಾ ಚೆಲ್ಲಿದ ಬಣ್ಣದಲ್ಲಿದೆ. ಅಜ್ಜಿಯ ಮೂಗುಬೊಟ್ಟು, ತುಟಿ, ಗಲ್ಲ ಬಿಸಿಲಿಗೆ ಹಿಡಿದು ಹುಡುಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಣ್ಣು ಮಾತ್ರ ಶಾಯಿಯವು. ಅವಕ್ಕೆ ಬೆಳ್ಳಿಯ ಸೋಂಕಿಲ್ಲ. ಖಾಲಿಯಾಗುತ್ತಿರುವ ಹಳದಿ ಕಾಗದದ ಮೇಲೆ ಎರಡೂ ಕಪ್ಪಗೆ, ದೊಡ್ಡದಾಗಿ ತೆರೆದುಕೊಂಡಿವೆ.